ಉಮಾಶಂಕರನ ಕಾರಿನ ನಡುಕ

ಉಮಾಶಂಕರನ ಕಾರು ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ತೊಂದರೆಯೆಲ್ಲ ನಿಂತಾಗಲೇ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಕೆಮ್ಮಿ, ಆಫ್ ಆಗಿಬಿಡುತ್ತಿತ್ತು. ಮೊನ್ನೆ ತಾಳಮಲೆ ಚೆಕ್‌ಪೋಸ್ಟಿನಲ್ಲಿ ಹೀಗೇ ಆಗಿ, ಮದುವೆಗೆಂದು ರೇಷ್ಮೆ ಸೀರೆ ಉಟ್ಟಿದ್ದ ಹೆಂಡತಿ ಮಂಗಳಗೌರಿ ಇಳಿದು ತಳ್ಳಬೇಕಾಯಿತು. ಮನೆ ಸೇರಿದವಳೇ ಅವಳು ಗುಜರಿ ಸೆಲ್ವರಾಜನಿಗೆ ಫೋನ್ ಮಾಡಿದಳು.

"ಇವತ್ತು ಸಂದೇಗೆ ಅವ್ನು ಲಾರಿ ತತ್ತಾನೆ. ಅಷ್ಟರೊಳ್ಗೆ ಇದು ನಡುಗ್ದೆ ನಿಂತ್ಕಂಡ್ರೆ ಮಡಿಕಳಿ. ಇಲ್ದಿದ್ರೆ ಓಗ್ಲಿ," ಎಂದು ಬೆಳಿಗ್ಗೆ ಎದ್ದ ತಕ್ಷಣ ನೆನಪಿಸಿದಳು.

ಅದು ಉಮಾಶಂಕರನ ತಾತ ಗುರುಮಲ್ಲಪ್ಪ ಕೊಂಡ ಕಾರು. ತಾತನ ತೊಡೆಯ ಮೇಲೆ ಕೂತು ಅವನು ಸ್ಟಿಯರಿಂಗ್ ಹಿಡಿದದ್ದು ಅದರಲ್ಲೇ. ಕಾಫಿಯನ್ನೂ ಕುಡಿಯದೆ ಬಾನೆಟ್ ಎತ್ತಿದ.

ತಾಳವಾಡಿಯಲ್ಲಿ ಬಾನೆಟ್ ಎತ್ತುವುದೂ ಒಂದೇ, ಊರಿಗೆ ಡಂಗುರ ಹೊಡೆಯುವುದೂ ಒಂದೇ. ಪಕ್ಕದ ಮನೆಯ ನಟರಾಜ್ ಹಲ್ಲುಜ್ಜುತ್ತಲೇ ಬಂದ.

"ಪ್ಲಗ್ಗು ಕಣಣ್ಣ. ನಮ್ಮ ಔಸ್ದಿ ಒಡಿಯೋ ಮಿಷಿನ್ನೂ ಇಂಗೇ ಆಡ್ತಿತ್ತು."

ಬೇಡವೆನ್ನುವಷ್ಟರಲ್ಲಿ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಉಜ್ಜಿ ಹಾಕಿದ. ಯಾವ ವೈರು ಯಾವುದಕ್ಕೆ ಎಂಬುದು ಮಾತ್ರ ಮರೆತಿದ್ದ. ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಢಮಾರ್ ಎಂದಿತು. ಕಾಡಾನೆ ಓಡಿಸಲು ಪಟಾಕಿ ಹೊಡೆದರೆಂದು ಬೀದಿಯ ಜನ ಟಾರ್ಚು ಹಿಡಿದು ಹೊರಗೆ ಬಂದರು, ಬೆಳಗಾಗಿದೆ ಎಂಬುದನ್ನೂ ಮರೆತು.

ಅವರ ನಡುವೆ ಬಸ್ ಕಂಡಕ್ಟರ್ ಸ್ವಾಮಿಯೂ ಇದ್ದ. "ಜರುಗ್ಲಾ ಅತ್ಲಾಗೆ. ಕಾರ್ಬೊರೇಟರ್ ಸ್ಕ್ರೂ ತಿರುವ್ಬೇಕು," ಎಂದ. ವೈರುಗಳನ್ನು ಸರಿಯಾಗಿ ಜೋಡಿಸಿ, ಸ್ಕ್ರೂ ತಿರುವಿಯೂ ತಿರುವಿದ. ಈಗ ಎಂಜಿನ್ ಅರಚತೊಡಗಿತು. ಇಳಿಸಲು ಹೋದರೆ ಸತ್ತುಹೋಗುತ್ತಿತ್ತು. ಅರಚುವುದು, ಸಾಯುವುದು, ಇದರಲ್ಲೇ ಮಧ್ಯಾಹ್ನ ಕಳೆಯಿತು. ಜಗಲಿಯಿಂದ ತಾಯಿ ಪುಟ್ಟಮಲ್ಲಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ಒಳಗೆ ಹೋದಳು.

ಬಿಸಿಲು ಇಳಿಯಿತು. ಸೋತುಹೋದ ಉಮಾಶಂಕರ ಸ್ಕ್ರೂವನ್ನು ಮೊದಲಿದ್ದಲ್ಲಿಗೇ ತಿರುಗಿಸಿ, ನಡುಗುತ್ತಿದ್ದ ಎಂಜಿನ್ ಮೇಲೆ ಕೈಯೂರಿ ನಿಂತ. ನಡುಕ ಥಟ್ಟನೆ ನಿಂತಿತು. ಕೈ ಎತ್ತಿದ, ನಡುಗಿತು. ಮತ್ತೆ ಊರಿದ, ನಿಂತಿತು. ಅವನ ಅಂಗೈ ಕೆಳಗೆ ಒಂದು ರಬ್ಬರ್ ಪೈಪು ಬಿರುಕುಬಿಟ್ಟು ಗಾಳಿ ಎಳೆಯುತ್ತಿತ್ತು. ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದ. ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಮುಚ್ಚಿ, ಅದರ ಮೇಲೆ ತುಂಬಿದ ಮಜ್ಜಿಗೆ ಲೋಟ ಇಟ್ಟ. ಒಂದು ತೊಟ್ಟೂ ಚೆಲ್ಲಲಿಲ್ಲ.

ಮಂಗಳಗೌರಿ ಲೋಟವನ್ನು ನೋಡಿದಳು, ಗಂಡನ ಮಸಿ ಮುಖವನ್ನು ನೋಡಿದಳು. "ಆಯ್ತು, ಮಡಿಕಳಿ," ಎಂದಳು. ಅವನಿಗೆ ಅಳುವೇ ಬಂದಿತು.

ಅಷ್ಟರಲ್ಲಿ ಪುಟ್ಟಮಲ್ಲಮ್ಮ ಹೂವಿನ ಹಾರ, ವಿಭೂತಿ ಹಿಡಿದು ಬಂದು ಬಾನೆಟ್ ಮೇಲೆ ಮೂರು ಪಟ್ಟೆ ಎಳೆದಳು.

"ಪೂಜೆ ಯಾಕವ್ವ ಈಗ?"

"ನಿನ್ನ ಪಾಡು ನೋಡಕಾಗ್ನಿಲ್ಲ ಕಣ್ ಮಗ. ಎತ್ತು ಕಾಯ್ಲೆ ಬಿದ್ರೆ ಮಾದಪ್ಪಂಗೆ ಏನಂತ ಅರಸ್ಕತೀವಿ? ಅಂಗೇ ಅರಸ್ಕಂಡೆ. ವಾಸಿ ಮಾಡಪ್ಪ, ಇದ್ನ ನಿನ್ನ ಬಸ್ವ ಅಂತ ಬುಟ್ಬುಡ್ತೀನಿ ಅಂತ."

ಸುತ್ತ ನಿಂತವರು ಚಪ್ಪಲಿ ಕಳಚಿದರು. ಮಾದಪ್ಪ ದೇವರಿಗೆ ಹರಕೆ ಹೊತ್ತು ಬಿಟ್ಟ ಬಸವನಿಗೆ ಯಜಮಾನನಿಲ್ಲ. ಅದನ್ನು ಕಟ್ಟುವಂತಿಲ್ಲ, ಮಾರುವಂತಿಲ್ಲ. ಅದು ಎಲ್ಲಿ ಹೋದರೂ ತಡೆಯುವಂತಿಲ್ಲ.

"ಅವ್ವಾ, ಇದು ಎತ್ತಲ್ಲ. ಕಾರು."

"ವಾಸಿ ಆಯ್ತೋ ಇಲ್ವೋ?"

ಸಂಜೆಗೆ ಸರಿಯಾಗಿ ಸೆಲ್ವರಾಜನ ಲಾರಿ ಬಂದಿತು. ವಿಷಯ ಕೇಳಿದ ಅವನು, "ಸಾಮಿ ಗಾಡೀನ ನಾನು ಮುಟ್ಟಲ್ಲ," ಎಂದು ಕೈಮುಗಿದು ಬಂದ ದಾರಿಯಲ್ಲೇ ಹೋದ. ಯಾರ ಹೆಸರಲ್ಲಾದರೂ ಇರಲಿ, ಕಾರು ಮನೆ ಮುಂದೆಯೇ ಉಳಿಯಿತಲ್ಲ ಎಂದು ಉಮಾಶಂಕರ ಸಮಾಧಾನ ಮಾಡಿಕೊಂಡು ಕೈ ತೊಳೆಯಲು ಹೋದ.

ತಿರುಗಿ ಬರುವಷ್ಟರಲ್ಲಿ ಸ್ಟಿಯರಿಂಗ್ ಹಿಡಿದು ನಟರಾಜ್ ಕೂತಿದ್ದ. ಪಕ್ಕದಲ್ಲಿ ಸ್ವಾಮಿ. ಹಿಂದಿನ ಸೀಟಿನಲ್ಲಿ ಅರ್ಧ ಬೀದಿ.

"ಎಲ್ಲಿಗ್ಲಾ ಒಂಟ್ರಿ?" ಎಂದು ಉಮಾಶಂಕರ ಬಾನೆಟ್‌ಗೆ ಅಡ್ಡ ನಿಂತ.

"ಇಲ್ಲೇ ಪಕ್ಕದೂರು ಜೀರಳ್ಳಿಗೆ," ಎಂದ ನಟರಾಜ್, ಭಕ್ತಿಯಿಂದ. "ಬಸ್ವನ ದಾರೀಗೆ ಅಡ್ಡ ನಿಂತ್ಕಬಾರ್ದು ಕಣಣ್ಣ. ಒಸಿ ಜರುಗು."