ಬೀಗಿತ್ತಿಯ ವಜಾ ಪ್ರಕರಣ

ತಿಬುರ್ಸಿಯೊ ತನ್ನ ಹೆಂಡತಿ ಎರ್ಮಿಲಾಗೆ ಎರಡು ಜೇಡ ಬಾಕಿ ಉಳಿಸಿಕೊಂಡಿದ್ದಾನೆ. ಮೊದಲು ಒಂದೇ ಇತ್ತು. ಮೊಟ್ಟೆಗಳ ವಿಷಯ ಬೇರೆ, ಅದಿನ್ನೂ ಇತ್ಯರ್ಥವಾಗಿಲ್ಲ.

ನಗಬೇಡಿ. ಸೊನೋರಾದ ಮರಳುಗಾಡಿನಲ್ಲಿ ಮನೆ ಕಟ್ಟಿಕೊಂಡವರಿಗೆ ಜೇಡ ಸಣ್ಣ ವಿಷಯವಲ್ಲ. ಬೇಸಿಗೆ ಏರಿತೆಂದರೆ ಇಡೀ ಮರುಭೂಮಿಯೇ ತಂಪು ಹುಡುಕಿಕೊಂಡು ಹೊಸ್ತಿಲು ದಾಟುತ್ತದೆ. ನೀರಿನ ತೊಟ್ಟಿಯ ಹಿಂದೆ ಜಿರಲೆ, ಸೌದೆ ಒಟ್ಟಿಲಲ್ಲಿ ಹೊಟ್ಟೆಗೆ ಕೆಂಪು ಬೊಟ್ಟಿಟ್ಟುಕೊಂಡ ಕರಿಜೇಡ, ಬೂಟಿನೊಳಗೆ ಚೇಳು. ಚೇಳಿಗೆ ಗಾಜು ಹತ್ತಲು ಬರುವುದಿಲ್ಲವೆಂದು ಮಂಚದ ನಾಲ್ಕೂ ಕಾಲುಗಳನ್ನು ಗಾಜಿನ ಜಾಡಿಯಲ್ಲಿ ನಿಲ್ಲಿಸಿ ಮಲಗುವ ಜನ. ಬೆಳಿಗ್ಗೆ ಎದ್ದು ದೇವರನ್ನು ನೆನೆಯಲು ಮರೆತಾರು, ಚಪ್ಪಲಿಯನ್ನು ನೆಲಕ್ಕೆ ಎರಡು ಸಲ ಬಡಿಯಲು ಮರೆಯಲಾರರು. ಏನಾದರೂ ಉದುರಿತೋ, ಮೊದಲು ಹೊಡಿ, ಆಮೇಲೆ ನೋಡು. ಎದೆಹಾಲಿನ ಜೊತೆ ಕಲಿತ ಪಾಠ ಅದು.

ಎರ್ಮಿಲಾಳ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಮೂಲೆಯಲ್ಲಿ, ಕೂದಲೆಳೆಯಂಥ ಕಾಲುಗಳ ಜೇಡವೊಂದು ತಲೆಕೆಳಗಾಗಿ ಸಂಸಾರ ಮಾಡಿಕೊಂಡಿತ್ತು. ಅವಳು ಅದನ್ನು ಬೀಗಿತ್ತಿ ಎಂದು ಕರೆಯುತ್ತಿದ್ದಳು. ಹುರುಳಿಕಾಯಿ ಬೀಜ ಬೇಯುವಷ್ಟು ಹೊತ್ತೂ ಗಂಡನ ಮೇಲಿನ ದೂರುಗಳನ್ನು ಬೀಗಿತ್ತಿಗೆ ಸಲ್ಲಿಸುತ್ತಿದ್ದಳು. ಬೀಗಿತ್ತಿ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. (ಅಂಥ ನೆಂಟರು ಯಾರಿಗಿದ್ದಾರೆ?)

ತಿಬುರ್ಸಿಯೊ ಮೂವತ್ತು ವರ್ಷ ತಾಮ್ರದ ಗಣಿಯಲ್ಲಿ ಬೆನ್ನು ಸವೆಸಿದವನು, ಕಾರ್ಮಿಕ ಸಂಘದ ಮುಂದಾಳು. ನಿವೃತ್ತನಾದ ಮೇಲೆ ಉದ್ಧರಿಸಲು ಬೇರೇನೂ ಸಿಗದೆ ಮನೆಯನ್ನೇ ಉದ್ಧರಿಸಲು ಹೊರಟ. ಒಂದು ಶನಿವಾರ ಹೆಂಡತಿ ಸಂತೆಗೆ ಹೋದಾಗ ಪೊರಕೆಗೆ ಉದ್ದದ ಕೋಲು ಕಟ್ಟಿ ಮೂಲೆಮೂಲೆಯನ್ನೂ ಬಳಿದು ಹಾಕಿದ. ಬೀಗಿತ್ತಿಯೂ ಹೋದಳು.

ಎರ್ಮಿಲಾ ಬಂದವಳೇ ಮೂಲೆ ನೋಡಿದಳು.

"ಅವಳೆಲ್ಲಿ?"

"ಗುಡಿಸಿಬಿಟ್ಟೆ. ದುಡೀದೆ ತಿನ್ನೋರಿಗೆ ಈ ಮನೇಲಿ ಜಾಗ ಇಲ್ಲ."

ಅವಳು ಈರುಳ್ಳಿ ಚೀಲ ಕೆಳಗಿಟ್ಟಳು. "ನೀನು ಗಣಿ ಗೇಟಿನ ಮುಂದೆ ಮುಷ್ಕರ ಅಂತ ಹನ್ನೊಂದು ತಿಂಗಳು ಕೂತಿದ್ಯಲ್ಲ ಮುದುಕಾ, ಆಗ ಈ ಮನೇಲಿ ಮರಿಚೇಳು ಹಿಡಿದೋರು ಯಾರು? ನಾನು ಮಾತಾಡಿದ್ದು ಯಾರ ಹತ್ರ? ಇವಳ ಅಜ್ಜಿಯ ಅಜ್ಜಿ ಹತ್ರ. ವಂಶಪಾರಂಪರ್ಯವಾಗಿ ದುಡಿದೋಳನ್ನ ಒಂದು ನೋಟೀಸೂ ಕೊಡದೆ ತೆಗೆದೆ ನೀನು."

ಈ ಕೊನೆಯ ಮಾತನ್ನು ತಿಬುರ್ಸಿಯೊ ಸಾವಿರ ಸಲ ಮೈಕಿನಲ್ಲಿ ಕೂಗಿದ್ದ. ಅದು ತನ್ನ ಮುಖಕ್ಕೇ ಬಂದು ಬಡಿದಾಗ, ತಾನೀಗ ಗೇಟಿನ ಒಳಗಡೆ ನಿಂತಿದ್ದೇನೆಂದು ಹೊಳೆಯಿತು. ಎರ್ಮಿಲಾ ಒಂದೇ ಬೇಡಿಕೆ ಇಟ್ಟಳು: ಆ ಮೂಲೆ ತುಂಬಬೇಕು, ಅಲ್ಲಿಯವರೆಗೆ ಕೆಲಸ ಬಂದ್. ಒಂದು ಗಂಟೆ ಬಸ್ಸಿನ ದೂರದಲ್ಲಿದ್ದ ತಂಗಿ ಚೋನಾಳ ಮನೆಗೆ ಹೊರಟುಹೋದಳು.

ಮೊದಲ ವಾರ ತಿಬುರ್ಸಿಯೊ ಧೈರ್ಯವಾಗಿದ್ದ. ಎಲ್ಲ ಆಡಳಿತ ಮಂಡಳಿಗಳೂ ಮೊದಲ ವಾರ ಧೈರ್ಯವಾಗಿಯೇ ಇರುತ್ತವೆ. ಎರಡನೇ ವಾರ ರೊಟ್ಟಿ ಕರಕಲಾಯಿತು. ಕಾಫಿಯನ್ನು ಕೈ ತಾನಾಗಿ ಇಬ್ಬರಿಗೆ ಕುದಿಸಿತು, ಎರಡನೇ ಲೋಟ ಆರಿ ಕೆನೆಗಟ್ಟಿತು. ಇವೆಲ್ಲ ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಸದ್ದಿಲ್ಲದ ಬೆಳಗು. ನಲವತ್ತು ವರ್ಷ ಅವನು ಎದ್ದದ್ದು ಅವಳು ಚಪ್ಪಲಿ ಬಡಿಯುವ ಟಪ್ ಟಪ್ ಕೇಳಿಕೊಂಡು. ಅವಳು ಪರಊರಿಗೆ ಹೋಗುವಾಗಿನ ಬೂಟು ಹಾಕಿಕೊಂಡು ಹೋಗಿದ್ದಳು, ಚಪ್ಪಲಿ ಬೆಂಚಿನ ಕೆಳಗೇ ಉಳಿದಿತ್ತು. ಒಂದು ಬೆಳಿಗ್ಗೆ ತಡೆಯಲಾಗದೆ ಅದನ್ನು ತಾನೇ ಎತ್ತಿ ಎರಡು ಸಲ ಬಡಿದ. ಆಮೇಲೆ ದಿನಾ ಬಡಿದ. (ಇಂಥ ಗಂಡಸಿಗೆ ಏನು ಹೆಸರಿಡುತ್ತೀರೋ ಇಡಿ.)

ಮೂರನೇ ವಾರ ಗಾಜಿನ ಜಾಡಿ ಹಿಡಿದು ಬೀದಿಗಿಳಿದ. ಪಕ್ಕದ ಮನೆಯ ಕುಕಾ ಮುದುಕಿಯ ಬಚ್ಚಲಲ್ಲಿ ಹನ್ನೆರಡು ಜೇಡ ಇದ್ದವು. ಒಂದು ಕೊಡು ಅಂದ.

"ಇದ್ದೋಳನ್ನ ತೆಗೆದು ಬೇರೆಯೋಳನ್ನ ಕೂರಿಸೋ ಧಣಿಗೆ ಆಳು ಕೊಡಬಾರದು ಅಂತ ನೀನೇ ತಾನೆ ನಮಗೆ ಕಲಿಸಿದ್ದು, ತಿಬುರ್ಸಿಯೊ?" ಎಂದು ಅವಳು ಬಾಗಿಲು ಹಾಕಿಕೊಂಡಳು. ಇಡೀ ಬೀದಿ ಬಾಗಿಲು ಹಾಕಿಕೊಂಡಿತು. ಅವನು ಕಟ್ಟಿದ ಒಗ್ಗಟ್ಟು ಎಷ್ಟು ಗಟ್ಟಿ ಎಂಬುದು ಅವನಿಗೆ ಅಂದು ತಿಳಿಯಿತು. ಕೊನೆಗೆ ಬಟ್ಟೆ ಒಗೆಯುವ ಕಲ್ಲಿನ ಸಂದಿಯಿಂದ ತಾನೇ ಒಂದನ್ನು ಹಿಡಿದು ತಂದು ಮೂಲೆಗೆ ಬಿಟ್ಟ. ಬೆಳಗಾಗುವಷ್ಟರಲ್ಲಿ ಅದು ನಾಪತ್ತೆ. ಇನ್ನೆರಡು ತಂದ, ಅವೂ ಹೋದವು. ಹಿಡಿದು ತಂದ ಆಳು ನಿಲ್ಲುವುದಿಲ್ಲ ಎಂಬುದೂ ಅವನದೇ ಹಳೆಯ ಭಾಷಣ.

ಐದನೇ ವಾರದ ಮಂಗಳವಾರ ಎಂದಿನಂತೆ ಹೆಂಡತಿಯ ಚಪ್ಪಲಿ ಎತ್ತಿ ಒಂದು ಸಲ ಬಡಿದ. ಬಾಗಿಲಲ್ಲಿ ನೆರಳು ಬಿತ್ತು. ಎರ್ಮಿಲಾ. ಬೂಟಿನಲ್ಲಿ ಪಾದ ಊದಿತ್ತು, ಚಪ್ಪಲಿ ಒಯ್ಯಲು ಮೊದಲ ಬಸ್ಸಿಗೆ ಬಂದಿದ್ದಳು. ಗಂಡನ ಕೈಯಲ್ಲಿ ತನ್ನ ಚಪ್ಪಲಿ ಕಂಡು ಅವಳ ಮುಖದ ಗಂಟು ಒಂದಿಷ್ಟು ಸಡಿಲವಾದದ್ದನ್ನು ಅವನು ನೋಡಿದ. ನೋಡುತ್ತಲೇ ಎರಡನೇ ಸಲ ಬಡಿದ.

ಉದ್ದ ಕಾಲಿನದೊಂದು ಉದುರಿತು. ಬಾಯಲ್ಲಿ ಬಿಳಿಯ ಪುಟ್ಟ ಗಂಟು. ಯಾರೂ ಕರೆಯದೆ, ಯಾರೂ ಹಿಡಿಯದೆ, ತಾನಾಗಿ ಬಂದು ಅವಳ ಚಪ್ಪಲಿಯಲ್ಲಿ ಬಿಡಾರ ಹೂಡಿತ್ತು. ಅದು ಕಣ್ಣಿಗೆ ತಿಳಿಯುವ ಮೊದಲೇ ಅರವತ್ತೆಂಟು ವರ್ಷದ ಮರಳುಗಾಡಿನ ಕೈ ತನ್ನ ಕೆಲಸ ಮುಗಿಸಿತ್ತು.

"ಮೊಟ್ಟೆ ಕಚ್ಕೊಂಡಿತ್ತು," ಎಂದಳು ಎರ್ಮಿಲಾ.

"ತಾನಾಗೇ ಬಂದಿತ್ತು ಕಣೇ."

"ಬಂದೋರಿಗೆಲ್ಲ ನಿನ್ನ ಸತ್ಕಾರ ಹೀಗೇ." ಅವನ ಕೈಯತ್ತ ನೋಡಿ ಕೇಳಿದಳು: "ನನ್ನ ಚಪ್ಪಲಿ ಯಾಕೆ ಬಡೀತಿದ್ದೆ?"

ಗೇಟಿನ ಮುಂದೆ ಮೂರು ತಾಸು ನೀರು ಕುಡಿಯದೆ ಮಾತಾಡುತ್ತಿದ್ದವನು ಎರಡೇ ಪದದಲ್ಲಿ ಮುಗಿಸಿದ: "ಚೇಳಿರಬೋದು ಅಂತ."

"ಐದು ವಾರದಿಂದ ಯಾರೂ ಹಾಕದ ಚಪ್ಪಲೀಲಿ?"

ಅವನು ನೆಲ ನೋಡಿದ. ನೆಲದಲ್ಲೂ ನೋಡುವಂಥದ್ದೇನೂ ಉಳಿದಿರಲಿಲ್ಲ. ಎರ್ಮಿಲಾ ಬೂಟು ಕಳಚಿದಳು, ಅವನ ಕೈಯಿಂದ ಚಪ್ಪಲಿ ಕಿತ್ತುಕೊಂಡು ಟಪ್ ಟಪ್ ಎಂದು ಬಡಿದು ಮೆಟ್ಟಿಕೊಂಡು, ವಾಪಸು ಬಸ್ಸಿಗೆ ಹೋದಳು. ಬೂಟನ್ನು ಮಾತ್ರ ಬೆಂಚಿನ ಕೆಳಗೆ ಜೋಡಿಸಿಟ್ಟು ಹೋದಳು. ಮಾತುಕತೆಗೆ ಬಾಗಿಲು ಮುಚ್ಚಿಲ್ಲ ಎಂಬುದಕ್ಕೆ ಮುಷ್ಕರ ಮಾಡುವವರು ಹೀಗೇ ಏನಾದರೂ ಬಿಟ್ಟುಹೋಗುತ್ತಾರೆ.

ಅವಳು ಬೂಟಿಗೆಂದು ಬಂದೇ ಬರುತ್ತಾಳೆ. ಅಷ್ಟರಲ್ಲಿ ಮೂಲೆ ತುಂಬಿರಬೇಕು. ಆದ್ದರಿಂದ ಓದುತ್ತ ಕೂತವರೇ, ತಲೆ ಎತ್ತಿ ನಿಮ್ಮ ಮನೆಯ ಮೂಲೆ ನೋಡಿ. ಅಲ್ಲೂ ಒಬ್ಬಳು ಉದ್ದ ಕಾಲಿನವಳು ತಲೆಕೆಳಗಾಗಿ ದುಡಿಯುತ್ತಿದ್ದಾಳೆ. ಪೊರಕೆ ಕೆಳಗಿಡಿ. ಅವಳನ್ನು ಕೇಳಿ, ಒಪ್ಪಿದರೆ ಮಾತ್ರ ಕಳಿಸಿ. ಎರಡು ಬೇಕು, ಜೀವಂತ ಬೇಕು. ಕೊಡ್ತೀರೋ ಇಲ್ವೋ?