ಮೈಕಲ್‌ನ ತಂದೆ

ಎಡವಟ್ಟಾದದ್ದು ಬೀದಿಯವರೆಲ್ಲ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟದಲ್ಲಿ. ಕ್ಯಾರಿ ಎಂಬ ಅಮೆರಿಕನ್ ಊರಿನ ಆ ಬೀದಿಗೆಲ್ಲ ಹಿರಿಯರಾದ ಎಂಬತ್ತನಾಲ್ಕರ ನೋರಾ ಕೀನ್, ಐರ್ಲೆಂಡಿನಿಂದ ಬಂದ ತಮ್ಮ ಮುತ್ತಜ್ಜ ಮೈಕಲ್‌ನ ತಂದೆಯ ಹೆಸರು ಮೂವತ್ತು ವರ್ಷ ಹುಡುಕಿದರೂ ಸಿಕ್ಕಿಲ್ಲ ಎಂದರು. ಡೇಟಾ ಕೆಲಸದ ವೇಣುಗೋಪಾಲ ಬಾಯಿತುಂಬ ಪುಳಿಯೋಗರೆ ಇಟ್ಟುಕೊಂಡೇ "ನಾನು ಹುಡುಕಿಕೊಡ್ತೀನಿ" ಎಂದುಬಿಟ್ಟ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನೋರಜ್ಜಿ ಕಾಗದಪತ್ರ ಹೊತ್ತು ಬಾಗಿಲಲ್ಲಿ ನಿಂತಿದ್ದರು. "ಸಂಜೆ ಆರಕ್ಕೆ ಕಸಿನ್ಸ್ ಎಲ್ಲ ಬರ್ತಾರೆ. ಒಮ್ಮೆಯಾದರೂ ಆತನ ಹೆಸರು ಹೇಳಿ ಪ್ರಾರ್ಥನೆ ಮಾಡಬೇಕು. ಬರುವ ವರ್ಷ ನಾನಿರ್ತೀನೋ ಇಲ್ಲವೋ."

ಹಡಗಿನ ಪಟ್ಟಿಯಲ್ಲಿ 'ಮೈಕಲ್, ಕೂಲಿ' ಎಂದಷ್ಟೇ ಇತ್ತು. ಐರ್ಲೆಂಡಿನ ಹಳೆಯ ಜನಗಣತಿಯ ಕಾಗದಗಳು ಡಬ್ಲಿನ್ನಿನ ಬೆಂಕಿಯಲ್ಲಿ ಸುಟ್ಟುಹೋಗಿದ್ದವು. ಚಾರ್ಲ್ಸ್‌ಟನ್ನಿನಲ್ಲಿದ್ದ ಮೈಕಲ್‌ನ ಗೋರಿಕಲ್ಲು ಐರ್ಲೆಂಡಿನ ಕ್ಲೇರ್ ಕೌಂಟಿಯ ಒಂದು ಚರ್ಚಿನ ಹೆಸರು ಹೇಳಿ ಸುಮ್ಮನಾಗಿತ್ತು. ವೇಣುಗೋಪಾಲ ಕೀಲಿಕೈ ಒಳಗಿಟ್ಟು ಬಾಗಿಲೆಳೆದುಕೊಂಡವನ ಹಾಗೆ ಲ್ಯಾಪ್‌ಟಾಪ್ ಮುಂದೆ ಕೂತ.

ಎದುರುಮನೆಯ ಅಣ್ಣಾಸಾಹೇಬರು ಕರೆಯದೆಯೇ ಬಂದರು. "ಡಿಎನ್‌ಎ ಟೆಸ್ಟ್ ಮಾಡಸ್ರೀ, ಎರಡು ನಿಮಿಷದ ಕೆಲಸ."

"ರಿಸಲ್ಟ್ ಬರೋಕೆ ಆರು ವಾರ, ಸರ್. ಇವರಿಗೆ ಆರು ಗಂಟೆಗೆ ಬೇಕು."

"ಹಂಗಾರ ಚಾ ಕುಡಿಯೋಣ."

ಚಹಾ ತಂದ ಹೆಂಡತಿ ವಸಂತಾ ಕೇಳಿದಳು: "ಆ ಮೈಕಲ್‌ನ ಮೊದಲನೇ ಮಗನ ಹೆಸರೇನ್ರೀ?"

"ಥಾಮಸ್," ಎಂದ ವೇಣುಗೋಪಾಲ ಕಾಗದ ನೋಡಿ.

"ಹಾಗಾದ್ರೆ ತಾತನೂ ಥಾಮಸ್ಸೇ ಇರ್ಬೇಕು. ನಿಮಗೆ ನಿಮ್ಮ ತಾತನ ಹೆಸರು ಇಟ್ಟಿಲ್ವಾ?"

ವೇಣುಗೋಪಾಲನ ಕೈ ನಿಂತಿತು. ಮೈಸೂರಿನ ಅಜ್ಜಿ ಅವನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಗಂಡನ ಹೆಸರನ್ನು ಬಾಯಲ್ಲಿ ಆಡುವುದು ಹೇಗೆ? ಐದು ವರ್ಷದ ಅವನಿಗೆ "ಯಜಮಾನ್ರೇ, ಹಾಲು ಕುಡೀರಿ" ಎನ್ನುತ್ತಿದ್ದರು. ಆ ದನಿ ಕೇಳಿ ಎಷ್ಟೋ ವರ್ಷವಾಗಿತ್ತು. ಅವನು ಕನ್ನಡಕ ತೆಗೆದು ಒರೆಸಿದ.

ವಸಂತಾಳ ಮಾತನ್ನು ಅವನು ಇಂಗ್ಲಿಷಿನಲ್ಲಿ ಹೇಳಿದಾಗ ನೋರಜ್ಜಿ ಹಣೆ ಬಡಿದುಕೊಂಡರು. ಅವರಲ್ಲೂ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರೇ. ಅವರ ಅಣ್ಣನಿಗೂ ಹಾಗೆಯೇ ಇಟ್ಟಿದ್ದರು! ಆ ಹೆಸರು ಹಿಡಿದು ಚರ್ಚಿನ ಜ್ಞಾನಸ್ನಾನದ ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ನಾಲ್ಕನೆಯ ಪುಟದಲ್ಲೇ ಇತ್ತು: ತಂದೆ ಥಾಮಸ್ ಕೀನ್, ತಾಯಿ ಬ್ರಿಜೆಟ್, ಮಗು ಮೈಕಲ್. ನೋರಜ್ಜಿ ಅತ್ತರು, ನಕ್ಕರು, ವೇಣುಗೋಪಾಲನ ಕೆನ್ನೆಗೆ ಮುತ್ತಿಟ್ಟರು.

ಆರು ಗಂಟೆಗೆ ಅವರ ಮನೆಯಲ್ಲಿ ಹದಿನೆಂಟು ಕಸಿನ್‌ಗಳು ಸೇರಿದ್ದರು. ದಾಖಲೆಯ ಪುಟ ಟಿವಿಯ ಮೇಲೆ. ನೋರಜ್ಜಿ ಮೇಣದಬತ್ತಿ ಹಚ್ಚಿ, ಥಾಮಸ್ ಮತ್ತು ಬ್ರಿಜೆಟ್ ದಂಪತಿಗೆ ಪ್ರಾರ್ಥನೆ ಶುರುಮಾಡಿದರು. ರಿಮೋಟ್ ಹಿಡಿದಿದ್ದ ಅಣ್ಣಾಸಾಹೇಬರ ಕೈ ಸುಮ್ಮನಿರಲಿಲ್ಲ; ಪುಟ ಸರಿಸಿದರು.

"ವೇಣು ಅವರ, ಇಲ್ಲೂ ಒಬ್ಬ ಥಾಮಸ್ ಕೀನ್ ಅದಾನಲ್ರೀ! ಮಗ ಮೈಕಲ್. ಮುಂದಿನ ಪುಟದಾಗೂ ಅದಾನ!"

ಊರಿಗೆ ಊರೇ ತಾತಂದಿರ ಹೆಸರಿಟ್ಟಿತ್ತು. ಎಣಿಸಿದರೆ ಹತ್ತೇ ವರ್ಷದಲ್ಲಿ ಏಳು ಮೈಕಲ್ ಕೀನ್‌ಗಳು, ಬೇರೆ ಬೇರೆ ಏಳು ಥಾಮಸ್‌ಗಳ ಮಕ್ಕಳು. ಅವರಲ್ಲಿ ಮೂವರ ತಾಯಂದಿರ ಹೆಸರೂ ಬ್ರಿಜೆಟ್.

ವೇಣುಗೋಪಾಲ ನೆಲ ನೋಡುತ್ತ "ಸಾರಿ, ನೋರಾ" ಎಂದ.

"ಸಾರಿ ಯಾಕೆ?" ನೋರಜ್ಜಿ ಇನ್ನೂ ಆರು ಮೇಣದಬತ್ತಿ ಹಚ್ಚಿದರು. "ಇವತ್ತು ಏಳೂ ಥಾಮಸ್‌ಗಳಿಗೆ ಪ್ರಾರ್ಥನೆ. ನಮ್ಮವನು ಯಾರು ಅಂತ ತಿಳಿಯೋವರೆಗೆ ನಾನಂತೂ ಸಾಯಲ್ಲ. ವಾರಕ್ಕೊಬ್ಬ ಥಾಮಸ್. ಪ್ರತಿ ಶನಿವಾರ ಎಂಟಕ್ಕೇ ನಿಮ್ಮನೆಗೆ ಬರ್ತೀನಿ."

ಏಳು ಶನಿವಾರ ತಾನೇ ಎಂದು ವೇಣುಗೋಪಾಲ ಸಮಾಧಾನ ಮಾಡಿಕೊಳ್ಳುತ್ತಿರುವಾಗ ಅಣ್ಣಾಸಾಹೇಬರು ಕೂಗಿದರು:

"ಎಂಟನೇದವನೂ ಸಿಕ್ಕಾನ್ರೀ!"