ಬ್ರೆಕ್ಸಿಟ್ಟೂ ನನ್ನ ಮೀಸೆಯೂ

ಯೂನಿವರ್ಸಿಟಿಯಲ್ಲಿ ಕಲಿತದ್ದೆಲ್ಲ ನನಗೆ ಮರೆತುಹೋಗಿದೆ, 'ಆಧಾರ ಎಲ್ಲಿ?' ಎಂದು ಕೇಳುವ ಚಟವೊಂದು ಉಳಿದಿದೆ. ಊರಿಗೆಲ್ಲ ಕೇಳುವ ಆ ಪ್ರಶ್ನೆಯನ್ನು ನನ್ನ ನೆನಪಿಗೆ ಮಾತ್ರ ಕೇಳದೆ, ಮೀಸೆಯನ್ನು ಸಂಕಟಕ್ಕೆ ಸಿಕ್ಕಿಸಿದವನು ನಾನು.

ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಬ್ರಿಟನ್ನಿನವರು ವೋಟು ಹಾಕುವ ಹಿಂದಿನ ವಾರ, ಗೆಳೆಯ ಶಂಕರ ಸಿಡ್ನಿಯಿಂದ ಗ್ಲೆನ್ ವೇವರ್ಲಿಯ ನಮ್ಮ ಮನೆಗೆ ಬಂದಿದ್ದ. ಇಲ್ಲೇ ಪಕ್ಕದ ಕ್ಲೇಟನ್ನಿನಲ್ಲಿ ಓದುವಾಗ ಒಂದೇ ಬಾಡಿಗೆ ಮನೆಯಲ್ಲಿ ಜಗಳವಾಡಿದವರು ನಾವು. ವಾದಕ್ಕೆ ವಿಷಯ ನಮ್ಮದೇ ಆಗಬೇಕೆಂದಿಲ್ಲ. 'ಅವರು ಬಿಡಲ್ಲ ಕಣೋ' ಎಂದೆ. 'ಬಿಟ್ಟೇ ಬಿಡ್ತಾರೆ' ಎಂದ. ಸೋತವರು ಮೀಸೆ ತೆಗೆಯಬೇಕೆಂದು ಬೆಟ್ಟು ಕಟ್ಟಿದೆವು. ನನ್ನದು ಪಿಯುಸಿಯಿಂದ ಸಾಕಿದ ಮೀಸೆ. ಅದರ ಕೆಳಗೇನಿದೆಯೆಂದು ಹೆಂಡತಿ ವಸುಧಾ ಕೂಡ ಕಂಡವಳಲ್ಲ.

ವೋಟಿನಲ್ಲಿ ಬಿಡುವವರು ಗೆದ್ದರು. ಸಿಡ್ನಿಯ ದಿ ಪಾಂಡ್ಸ್‌ನ ತನ್ನ ಮನೆಯಿಂದ ಶಂಕರ ಫೋನು ಮಾಡಿದ. ಬಿಡುತ್ತೇವೆ ಎಂದ ಮಾತ್ರಕ್ಕೆ ಬಿಟ್ಟಂತಾಯಿತೇ ಎಂದು ನಾನು ಜಾರಿಕೊಂಡೆ. 'ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋದು ಇದಕ್ಕೇನೇ' ಎಂದ. ಅಲ್ಲಿಂದ ಮುಂದೆ ನನ್ನ ಮೀಸೆಯನ್ನು ಕಾಪಾಡಿದ್ದು ಬ್ರಿಟನ್ನಿನ ಪಾರ್ಲಿಮೆಂಟು. ಒಪ್ಪಂದ ತಂದರೆ ಬೇಡವೆಂದರು. ಒಪ್ಪಂದವಿಲ್ಲದೆ ಹೋಗೋಣವೆಂದರೆ ಅದೂ ಬೇಡವೆಂದರು. ಗಡುವು ಬಂದಾಗ ಇನ್ನೊಂದು ಗಡುವು ಕೇಳಿದರು. ನಮ್ಮ ಜನ 'ಬರ್ತೀವಿ' ಎಂದು ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲೇ ಒಂದು ಗಂಟೆ ಮಾತಾಡುವುದನ್ನು ಕಂಡಿದ್ದೆ. ವರ್ಷಗಟ್ಟಲೆ ನಿಂತವರನ್ನು ಕಂಡದ್ದು ಅದೇ ಮೊದಲು. ಅಲ್ಲಿ ಲಕ್ಷಾಂತರ ಜನ ನಾಳೆ ಏನೋ ಎಂದು ತಲೆಕೆಡಿಸಿಕೊಂಡಿದ್ದಾಗ, ಇಲ್ಲೊಬ್ಬ ಪ್ರತಿ ಬಿಕ್ಕಟ್ಟಿನ ಸುದ್ದಿಗೂ ಮೀಸೆ ತಿರುವುತ್ತಿದ್ದ.

ಬಿಕ್ಕಟ್ಟು ಸಡಿಲವಾಗತೊಡಗಿದಾಗ ಹೊಸ ವಾದ ಹೂಡಿದೆ: ನಾನು 'ಬಿಡಲ್ಲ' ಎಂದದ್ದು, ಪಟ್ಟು ಬಿಡುವುದಿಲ್ಲ, ಹೋಗಿಯೇ ತೀರುತ್ತಾರೆ ಎಂಬ ಅರ್ಥದಲ್ಲಿ. ಹೇಳುತ್ತ ಹೇಳುತ್ತ ನಿಜಕ್ಕೂ ಹಾಗೇ ಹೇಳಿದ್ದೆನೇನೋ ಎಂದು ನನಗೇ ಅನುಮಾನವಾಯಿತು. ಹಾಗಾದರೆ ಬೆಟ್ಟು ಕಟ್ಟಿದ್ದು ಯಾರ ಜೊತೆ ಎಂದು ಶಂಕರ ಕೇಳಿದ. ವಸುಧಾಳನ್ನು ಸಾಕ್ಷಿಗೆ ಕರೆದೆ.

'ಬಿಡಲ್ಲ ಅಂದಿದ್ದು ಕೇಳಿಸ್ತು ರೀ. ಯಾವ ಬಿಡಲ್ಲ ಅಂತ ನನ್ನ ಕೇಳ್ಬೇಡಿ' ಎಂದಳು.

ಮೂರೂವರೆ ವರ್ಷಕ್ಕೆ ಬ್ರಿಟನ್ ಹೊರಟೇಬಿಟ್ಟಿತು. ಅಂಥವರೇ ಮಾತಿಗೆ ನಿಂತ ಮೇಲೆ ನಾನು ನಿಲ್ಲದಿದ್ದರೆ ಹೇಗೆಂದು, ಮಾರನೆಯ ಬೆಳಿಗ್ಗೆ ಮೀಸೆ ಬೋಳಿಸಿ ಶಂಕರನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದ.

'ಯಾಕೋ ತೆಗೆದೆ? ಸೋತವರು ಮೀಸೆ ಬಿಡಬೇಕು ಅಂತ ತಾನೇ ಬೆಟ್ಟು? ಬೆಳೆಸ್ಬೇಕಿತ್ತು ಕಣೋ.'

'ನಂಗೆ ಆಗ್ಲೇ ಇತ್ತಲ್ಲೋ.'

'ಅದಕ್ಕೇ ಅಷ್ಟು ಧೈರ್ಯವಾಗಿ ಕಟ್ದೆ ಅಂದ್ಕೊಂಡಿದ್ದೆ.'

ಅವನ ಮುಖವನ್ನು ಆಗ ಸರಿಯಾಗಿ ನೋಡಿದೆ. ಕಾಲೇಜಿನ ದಿನದಿಂದಲೂ ಅಲ್ಲಿ ಮೀಸೆ ಎಂಬುದೇ ಇಲ್ಲ. ಇಲ್ಲದ ಮೀಸೆಯನ್ನು ತೆಗೆಯುವ ಬೆಟ್ಟನ್ನು ಯಾರಾದರೂ ಕಟ್ಟುತ್ತಾರೆಯೇ?

ಪೆಚ್ಚಾಗಿ ಅಡುಗೆಮನೆಗೆ ಬಂದವನನ್ನು ವಸುಧಾ ನೋಡಿದಳು. 'ಬಿಡಿ' ಎಂದು ಬೇಳೆ ತೊಳೆಯತೊಡಗಿದಳು. ಮತ್ತೆ ಮೀಸೆ ಬಿಡಿ ಎಂದಳೋ, ಹೋದದ್ದು ಹೋಯಿತು ಬಿಡಿ ಎಂದಳೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಸದ್ಯಕ್ಕೆ ಮೂರು ದಿನ ಬೆಳೆಸುತ್ತೇನೆ, ನಾಲ್ಕನೆಯ ದಿನ ಬೋಳಿಸುತ್ತೇನೆ.